ಬೆಂಗಳೂರಿನ ಅಕ್ಟೋಬರ್ ವಾಡಿಕೆ ಮಳೆ 186 ಮಿ.ಮೀ. ಅಂತಾರೆ, ಆ ಮಳೆಯನ್ನು ಯಾರಾದರೂ ನೋಡಿದ್ದೀರಾ?

ಮಳೆ_ಡೈರಿ (ತ್ಯಾಗರಾಜನಗರ), ನವೆಂಬರ್ 3, 2024

ಎಲ್ಲರಿಗೂ ದೀಪಾವಳಿ ಶುಭಾಶಯ. ಹಬ್ಬದ ಗಲಾಟೆ ಮುಗೀತು. ಇವತ್ತು ಬೆಳಗ್ಗೆ ಸಮಾಧಾನವಾಗಿ ಕೂತು ನನ್ನ ಡೈರಿಯ ಅಕ್ಟೋಬರ್ ಪುಟ ಕೂಡಿಸಿ ನೋಡಿದೆ. ಅದಕ್ಕೇ ಈ ಪ್ರಶ್ನೆ.

ಹೊಸಬರಿಗೆ ಒಂದು ಮಾತು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದವಳು. ನಿವೃತ್ತಿಯಾದ ಮೇಲೆ ತಾರಸಿಯಲ್ಲಿ ಒಂದು ಮಳೆಮಾಪಕ ಇಟ್ಟುಕೊಂಡಿದ್ದೇನೆ. ದಿನಾ ಬೆಳಗ್ಗೆ ಎಂಟೂವರೆಗೆ ಕಾಫಿ ಲೋಟ ಕೆಳಗಿಟ್ಟು ಮೇಲೆ ಹೋಗುತ್ತೇನೆ. ಆಲಿಕೆಯಲ್ಲಿ ಬಿದ್ದ ಬೇವಿನ ಎಲೆ ತೆಗೆಯುತ್ತೇನೆ. ಒಳಗಿನ ಬಾಟಲಿಯ ನೀರನ್ನು ಅಳತೆ ಗಾಜಿಗೆ ಸುರಿದು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತೇನೆ. ಗಾಜಿನೊಳಗೆ ನೀರು ಅಂಚಿನಲ್ಲಿ ಏರಿ ನಡುವೆ ತಗ್ಗಿರುತ್ತದಲ್ಲ, ಆ ತಗ್ಗಿನ ಗೆರೆ ಓದಬೇಕು. ಓದಿ ಬರೆದಿಟ್ಟ ಮೇಲೇ ತಿಂಡಿ.

ಈಗ ವಿಷಯ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬೆಂಗಳೂರು ನಗರದ ಅಕ್ಟೋಬರ್ ವಾಡಿಕೆ ಮಳೆ 186.4 ಮಿ.ಮೀ. ಇದು 1991ರಿಂದ 2020ರವರೆಗಿನ ಮೂವತ್ತು ಅಕ್ಟೋಬರ್‌ಗಳ ಸರಾಸರಿ. ಸೆಪ್ಟೆಂಬರ್‌ಗೆ 208ರ ಹತ್ತಿರ. ನವೆಂಬರ್‌ಗೆ 65ರ ಆಸುಪಾಸು. ಡಿಸೆಂಬರ್‌ಗೆ ಬರೀ 15. ಜೂನ್, ಜುಲೈ ಎರಡೂ 110, 116ರಲ್ಲೇ ನಿಲ್ಲುತ್ತವೆ. ಅಂದರೆ ನಮ್ಮೂರಿನ ಗಟ್ಟಿ ಮಳೆ ಮುಂಗಾರಿನ ಶುರುವಿನಲ್ಲಿ ಬರುವುದಿಲ್ಲ. ಶರತ್ಕಾಲದಲ್ಲಿ ಬರುತ್ತದೆ. ಶರದೃತು ಅಂದರೆ ತಿಳಿ ಆಕಾಶ, ಬೆಳದಿಂಗಳು ಅಂತ ಶಾಲೆಯಲ್ಲಿ ಓದಿದ್ದೆವು. ಬೆಂಗಳೂರಿನ ಶರದೃತು ಮಾತ್ರ ಸಂಜೆ ನಾಲ್ಕಕ್ಕೆಲ್ಲ ಕಪ್ಪು ಕಟ್ಟುತ್ತದೆ.

ಈ ಸಲದ ಅಕ್ಟೋಬರ್ ವಾಡಿಕೆಯನ್ನು ದಾಟಿ ಹೋಯಿತು. ಅದು ನಿಮಗೆಲ್ಲ ಗೊತ್ತು. ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ಟೆಸ್ಟಿನ ಮೊದಲ ದಿನ, 16ನೇ ತಾರೀಕು, ಒಂದು ಚೆಂಡೂ ಬೀಳಲಿಲ್ಲ. 21ರ ರಾತ್ರಿ ಯಲಹಂಕ ಕಡೆ ಆಕಾಶವೇ ಬಿದ್ದ ಹಾಗೆ ಸುರಿಯಿತು. ಆದರೆ ಅದರ ಮಾರನೇ ಬೆಳಗ್ಗೆ ನನ್ನ ಗಾಜಿನಲ್ಲಿ ಸಿಕ್ಕಿದ್ದು ಯಲಹಂಕಕ್ಕೆ ಹೋಲಿಸಿದರೆ ಏನೇನೂ ಅಲ್ಲ. ಒಂದೇ ಊರು, ಒಂದೇ ರಾತ್ರಿ.

ನನ್ನ ಡೈರಿಯ ಹಳೇ ಪುಟಗಳನ್ನೆಲ್ಲ ತಿರುವಿದೆ. 186ರ ಹತ್ತಿರ ಬಂದು ನಿಂತ ಅಕ್ಟೋಬರ್‌ಗಳು ಬೆರಳೆಣಿಕೆಯಷ್ಟು. ಒಂದೋ ಮೀರಿ ಸುರಿದಿದೆ, ಇಲ್ಲ ಕೈಕೊಟ್ಟಿದೆ. ಹಾಗಿದ್ದರೆ ಈ ವಾಡಿಕೆ ಅನ್ನುವುದು ಯಾರ ವಾಡಿಕೆ? ನಿಮ್ಮ ಅನುಭವ ಹೇಳಿ.

ಅಂಕಿ_ಹುಡುಗ, ನವೆಂಬರ್ 3

ಮೇಡಂ, ನನ್ನ ಕೆಲಸವೇ ಡೇಟಾ. ನಿಮ್ಮ ಅನುಮಾನ ಸರಿಯಾಗಿದೆ. 2005ರ ಅಕ್ಟೋಬರ್ ಒಂದನ್ನು ತಗೊಳ್ಳಿ. ಆ ತಿಂಗಳು ನಗರದಲ್ಲಿ ಬಿದ್ದಿದ್ದು 605.6 ಮಿ.ಮೀ. ಅಕ್ಟೋಬರ್‌ಗೆ ಅದೇ ಇವತ್ತಿಗೂ ದಾಖಲೆ. ವಾಡಿಕೆಯ ಮೂರು ಪಟ್ಟಿಗೂ ಜಾಸ್ತಿ.

ಸುಮ್ನೆ ಒಂದು ಲೆಕ್ಕ ಮಾಡಿದೆ. ಮೂವತ್ತು ವರ್ಷದ ಸರಾಸರಿ 186.4 ಅಂದರೆ ಒಟ್ಟು ಮೊತ್ತ 5,592. ಅದರಲ್ಲಿ 2005 ಒಂದನ್ನು ತೆಗೆದು ಉಳಿದ ಇಪ್ಪತ್ತೊಂಬತ್ತಕ್ಕೆ ಭಾಗಿಸಿದರೆ 172ಕ್ಕೆ ಇಳಿಯುತ್ತದೆ. ಒಂದೇ ಒಂದು ತಿಂಗಳು ಮೂವತ್ತು ವರ್ಷದ ಸರಾಸರಿಯನ್ನು ಹದಿನಾಲ್ಕು ಮಿಲಿಮೀಟರ್‌ಗೂ ಮೇಲೆ ಎತ್ತಿದೆ.

ಇನ್ನೊಂದು ವಿಷಯ. ಕೆಲವು ವರ್ಷದ ಹಿಂದೆ ಪತ್ರಿಕೆಗಳಲ್ಲಿ ಅಕ್ಟೋಬರ್ ವಾಡಿಕೆ 168.3 ಅಂತ ಬರುತ್ತಿತ್ತು, ನೆನಪಿದೆಯಾ? ಅದು 1981ರಿಂದ 2010ರ ಲೆಕ್ಕ. ಹತ್ತು ವರ್ಷಕ್ಕೊಮ್ಮೆ ಹಳೇ ಹತ್ತು ಬಿಟ್ಟು ಹೊಸ ಹತ್ತು ಸೇರಿಸುತ್ತಾರೆ. ಈ ಸಲ ಎಂಬತ್ತರ ದಶಕ ಹೊರಗೆ ಹೋಯಿತು, 2011ರಿಂದ 2020 ಒಳಗೆ ಬಂತು. ಒಳಗೆ ಬಂದವುಗಳಲ್ಲಿ 2017ರ ಅಕ್ಟೋಬರ್ ಕೂಡ ಇದೆ. ಅದೂ ಭಾರೀ ಮಳೆಯ ತಿಂಗಳೇ. ಹಾಗಾಗಿ 'ವಾಡಿಕೆಗಿಂತ ಇಷ್ಟು ಹೆಚ್ಚು' ಅಂತ ಎಲ್ಲಾದರೂ ಓದಿದರೆ ಮೊದಲು ಯಾವ ಮೂವತ್ತು ವರ್ಷದ ವಾಡಿಕೆ ಅಂತ ನೋಡಬೇಕು. ಅದೇ ಮಳೆಗೆ ಎರಡು ವಾಡಿಕೆ ಇಟ್ಟರೆ ಎರಡು ಬೇರೆ ಬೇರೆ ಶೇಕಡಾ ಲೆಕ್ಕ ಬರುತ್ತದೆ.

ನನ್ನನ್ನು ಕೇಳಿದರೆ ಸರಾಸರಿಯ ಪಕ್ಕದಲ್ಲಿ ನಡುವಿನ ಸಂಖ್ಯೆಯನ್ನೂ ಕೊಡಬೇಕು. ಮೂವತ್ತು ಅಕ್ಟೋಬರ್‌ಗಳನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿ, ಮಧ್ಯದಲ್ಲಿರುವುದನ್ನು ಹೆಕ್ಕಿ. 2005 ಎಷ್ಟೇ ಸುರಿದಿರಲಿ, ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ ಅಷ್ಟೇ. ನಡುವಿನವನನ್ನು ಎಳೆದಾಡುವುದಿಲ್ಲ.

ಹೊಸಕೋಟೆ_ರಾಗಿ, ನವೆಂಬರ್ 3

ಅಕ್ಕಾ, ನಾವು ತಿಂಗಳ ಲೆಕ್ಕ ಹಾಕೋರಲ್ಲ. ನಮ್ಮದು ಮಳೆ ನಕ್ಷತ್ರದ ಲೆಕ್ಕ. ಸೆಪ್ಟೆಂಬರ್ ಕೊನೆಗೆ ಹಸ್ತ ಹುಟ್ಟುತ್ತೆ. ಅಕ್ಟೋಬರ್ ಹತ್ತು, ಹನ್ನೊಂದಕ್ಕೆ ಚಿತ್ತೆ. ಇಪ್ಪತ್ನಾಲ್ಕರ ಸುಮಾರಿಗೆ ಸ್ವಾತಿ. ಈಗ ನಡೀತಾ ಇರೋದು ಸ್ವಾತಿ. ಇನ್ನೆರಡು ಮೂರು ದಿನಕ್ಕೆ ವಿಶಾಖ, ಆಮೇಲೆ ಅನುರಾಧ. ಕುರುಡು ಚಿತ್ತೆ ಅಂತ ನಮ್ಮಜ್ಜಿ ಹೇಳೋಳು. ಕಣ್ಣು ಕಾಣದೋರು ನೀರು ಎರಚಿದ ಹಾಗೆ, ಈ ಹೊಲಕ್ಕೆ ಬಿತ್ತು, ಪಕ್ಕದ್ದಕ್ಕೆ ಇಲ್ಲ. ನೀವು ತ್ಯಾಗರಾಜನಗರ, ಯಲಹಂಕ ಅಂತ ಹೇಳಿದ್ದು ಅದೇ ಅಲ್ವಾ? ನಮಗೆ ಆಶ್ಚರ್ಯ ಏನೂ ಇಲ್ಲ. ಚಿತ್ತೆ ಇರೋದೇ ಹಾಗೆ.

ಜುಲೈನಲ್ಲಿ ಬಿತ್ತಿದ ರಾಗಿಗೆ ಹಸ್ತದಲ್ಲಿ ಒಂದೆರಡು ಹದವಾದ ಮಳೆ ಬೇಕು. ತೆನೆ ಕಾಳು ಕಟ್ಟೋ ಹೊತ್ತು ಅದು. ಆಗ ಬರಲಿಲ್ಲ ಅಂದ್ರೆ ಆಮೇಲೆ ಎಷ್ಟು ಬಂದ್ರೂ ಕಾಳು ಜೊಳ್ಳೇ. ಸ್ವಾತಿ ಮಳೆ ಮುತ್ತಿನ ಬೆಳೆ ಅಂತಾರೆ, ಅದು ಅವರೆ, ತೊಗರಿ, ಹುರುಳಿಗೆ ನಿಜ. ವಿಶಾಖಕ್ಕೆ ಬಂದ್ರೆ ಮಾತ್ರ ನಮ್ಮ ಹೊಟ್ಟೆಯಲ್ಲಿ ಸಂಕಟ. ಯಾಕಂದ್ರೆ ಅಷ್ಟೊತ್ತಿಗೆ ರಾಗಿ ಕುಯ್ಲು.

2021ರ ನವೆಂಬರ್ ಮರೆಯೋ ಹಾಗಿಲ್ಲ. ಹತ್ತು ಹದಿನೈದು ದಿನ ಬಿಸಿಲೇ ಕಾಣಲಿಲ್ಲ. ನಮ್ಮದು ಎರಡೆಕರೆ ನಿಂತ ರಾಗಿ ಮಲಗಿ ಹೋಯಿತು. ತೆನೆ ಕಿತ್ತು ಅಂಗೈ ಮೇಲೆ ಇಟ್ಟು ನೋಡಿದ್ರೆ ಕಾಳಿನಿಂದ ಬಿಳೀ ಮೊಳಕೆ, ನೂಲಿನ ಎಳೆ ಥರ. ತೆನೆಯಲ್ಲೇ ಮೊಳೆತಿತ್ತು. ಅಪ್ಪ ಅದನ್ನು ನೋಡಿ ಏನೂ ಮಾತಾಡಲಿಲ್ಲ. ದನಕ್ಕೆ ಮೇವೂ ಆಗಲಿಲ್ಲ, ಕಪ್ಪಾಗಿ ಕೊಳೀತು. ಕೋಲಾರ, ಚಿಕ್ಕಬಳ್ಳಾಪುರ ಕಡೆ ಎಷ್ಟೋ ವರ್ಷದ ಮೇಲೆ ಕೆರೆಗಳು ಕೋಡಿ ಹರಿದವು. ಅದು ಸಂತೋಷವೇ. ಆದರೆ ಅದೇ ಮಳೆ ಒಂದೂವರೆ ತಿಂಗಳು ಮೊದಲು ಬಂದಿದ್ರೆ ಕೆರೆಯೂ ತುಂಬೋದು, ರಾಗಿಯೂ ಉಳಿಯೋದು.

ನಿಮ್ಮ 186 ಯಾವ ಮಳೆಯಲ್ಲಿ ಬಂತು ಅಂತ ಹೇಳಿ. ಆಗ ನಾನು ಅದು ಒಳ್ಳೇ ಅಕ್ಟೋಬರೋ ಕೆಟ್ಟದ್ದೋ ಅಂತ ಹೇಳ್ತೀನಿ.

ಯಲಹಂಕ_ನೆಲಮಹಡಿ, ನವೆಂಬರ್ 4

ಮೇಲೆ ಯಲಹಂಕ ಅಂತ ಓದಿದೆ, ಬರೆಯದೆ ಇರಲಾಗಲಿಲ್ಲ. ನಮ್ಮದು ಕೆರೆಯ ಕೆಳಗಿನ ಕಡೆಗಿರುವ ಅಪಾರ್ಟ್‌ಮೆಂಟಿನ ನೆಲಮಹಡಿ. 22ರ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಯಿತು. ಸಪ್ಪಳಕ್ಕಲ್ಲ. ಬಚ್ಚಲಿನ ಕಡೆಯಿಂದ ಬಂದ ವಾಸನೆಗೆ. ದೀಪ ಹಾಕಿದರೆ ನೆಲದ ಮೇಲೆ ಮಗಳ ಚಪ್ಪಲಿ ತೇಲುತ್ತಿತ್ತು. ನೀರು ಬಾಗಿಲಿನಿಂದ ಬಂದಿರಲಿಲ್ಲ. ಬಚ್ಚಲಿನ ಜಾಲರಿಯಿಂದ ಮೇಲೆ ಉಕ್ಕುತ್ತಿತ್ತು.

ಆ ದಿನ ಇಲ್ಲಿನ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಯಲ್ಲಿ ಕರೆತಂದಿದ್ದನ್ನು ನೀವೆಲ್ಲ ಟೀವಿಯಲ್ಲಿ ನೋಡಿದ್ದೀರಿ. 2021ರ ನವೆಂಬರ್‌ನಲ್ಲೂ ಅಲ್ಲಿ ಹೀಗೇ ಆಗಿತ್ತು. ಮೂರು ವರ್ಷದಲ್ಲಿ ಎರಡು ಸಲ ಆದದ್ದನ್ನು ಅಪರೂಪ ಅಂತ ಹೇಗೆ ಅನ್ನುವುದು?

ನನಗೆ ತಿಂಗಳ ಸರಾಸರಿ ಬೇಡ. ಒಂದು ಗಂಟೆಗೆ ಎಷ್ಟು ಬಂತು, ಅದು ಬೇಕು. 186 ಮಿ.ಮೀ. ಮೂವತ್ತು ದಿನಕ್ಕೆ ಹಂಚಿ ಬಂದರೆ ದಿನಕ್ಕೆ ಆರು. ಅದು ತುಂತುರು. ರಾಜಕಾಲುವೆಗೆ ಅದು ಲೆಕ್ಕಕ್ಕೇ ಇಲ್ಲ. ಅದರಲ್ಲಿ ನೂರು ಒಂದೇ ರಾತ್ರಿ ಬಂದರೆ ನಮ್ಮ ಮನೆ ಮುಳುಗುತ್ತದೆ. ಪುಸ್ತಕದಲ್ಲಿ ಮಾತ್ರ ಎರಡೂ ತಿಂಗಳು ಒಂದೇ.

ಮಳೆ_ಡೈರಿ, ನವೆಂಬರ್ 4

ಯಲಹಂಕದವರೇ, ಓದಿ ತುಂಬಾ ಬೇಜಾರಾಯಿತು. ಮಗಳು ಹೇಗಿದ್ದಾಳೆ? ಮನೆಗೆ ವಾಪಸ್ ಬಂದಿದ್ದೀರಾ? ನಮ್ಮ ಮನೆಯ ಮೇಲಿನ ಭಾಗ ಖಾಲಿ ಇದೆ. ಬೇಕಿದ್ದರೆ ಸಂಕೋಚ ಬೇಡ, ಖಾಸಗಿಯಾಗಿ ಸಂದೇಶ ಕಳಿಸಿ.

ಹೊಸಕೋಟೆಯ ತಮ್ಮಾ, ನಿನ್ನ ಮಾತಿಗೆ ಡೈರಿ ತೆಗೆದು ನೋಡಿದೆ. ಈ ಸಲ ನನ್ನ ತಾರಸಿಯಲ್ಲಿ ಬಹುಪಾಲು ಮಳೆ ಚಿತ್ತೆಯಲ್ಲೇ ಬಂದಿದೆ. ಹಸ್ತ ಸ್ವಲ್ಪ. ಸ್ವಾತಿ ಇಲ್ಲಿವರೆಗೂ ಒಣ ಒಣ. ಇನ್ನು ಮೇಲೆ ಡೈರಿಯಲ್ಲಿ ತಾರೀಕಿನ ಪಕ್ಕ ಮಳೆಯ ಹೆಸರನ್ನೂ ಬರೆಯುತ್ತೇನೆ. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ಥೇಮ್ಸ್_ದಂಡೆ, ನವೆಂಬರ್ 5

ಲಂಡನ್ನಿನಿಂದ ಬರೆಯುತ್ತಿದ್ದೇನೆ, ಊರು ಮಲ್ಲೇಶ್ವರ. ಇಲ್ಲಿಯವರು 'ನಮ್ಮದು ಮಳೆಯ ಊರು' ಅಂದಾಗಲೆಲ್ಲ ನಾನು ಬೆಂಗಳೂರಿನ ಅಂಕಿ ತೋರಿಸುತ್ತೇನೆ. ಲಂಡನ್ನಿಗೆ ಇಡೀ ವರ್ಷಕ್ಕೆ ಬೀಳುವುದು ಸುಮಾರು 600 ಚಿಲ್ಲರೆ ಮಿ.ಮೀ. ಮೇಲಿನವರು ಬರೆದ 2005ರ ಅಕ್ಟೋಬರ್ ನೋಡಿ. ಇಲ್ಲಿ ಹನ್ನೆರಡು ತಿಂಗಳಲ್ಲಿ ಬೀಳುವಷ್ಟು ನೀರು ಅಲ್ಲಿ ಒಂದೇ ತಿಂಗಳಲ್ಲಿ ಬಿದ್ದಿದೆ. ಆ ವರ್ಷ ನಾನು ಪಿಯುಸಿ. ಅಮ್ಮ ಒದ್ದೆ ಯೂನಿಫಾರ್ಮನ್ನು ಇಸ್ತ್ರಿಪೆಟ್ಟಿಗೆಯಲ್ಲೇ ಒಣಗಿಸುತ್ತಿದ್ದಳು. ಕಾಲರ್‌ನಿಂದ ಹಬೆ ಏಳುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇಲ್ಲಿನ ಮಳೆ ದಿನವಿಡೀ ಜಿನುಗುತ್ತದೆ. ಅಲ್ಲಿನದು ಒಂದು ಗಂಟೆಯಲ್ಲಿ ಕೆಲಸ ಮುಗಿಸುತ್ತದೆ.

ಸಂಜೆ_ಪಾಳಿ, ನವೆಂಬರ್ 5

ನಾನು ಊಟದ ಡೆಲಿವರಿ ಮಾಡೋದು. ಬಿಟಿಎಂ, ಕೋರಮಂಗಲ, ಎಚ್‌ಎಸ್‌ಆರ್ ಕಡೆ. ಆರು ವರ್ಷದ ಅನುಭವದಿಂದ ಹೇಳ್ತೀನಿ, ಸೆಪ್ಟೆಂಬರ್ ಅಕ್ಟೋಬರ್ ಮಳೆ ಸಂಜೆ ಐದರಿಂದ ರಾತ್ರಿ ಹತ್ತರೊಳಗೇ ಜಾಸ್ತಿ. ನಮ್ಮ ಆರ್ಡರ್ ಬರೋದೂ ಆಗಲೇ. ಬೆಳಗ್ಗೆ ನೋಡಿದ್ರೆ ಬಿಸಿಲು ಚುರುಕ್ ಅನ್ನುತ್ತೆ. ಮಧ್ಯಾಹ್ನ ಸೆಖೆ. ಮೂರೂವರೆಗೆ ಗಾಳಿ ನಿಂತುಬಿಡುತ್ತೆ. ಗಾಳಿ ನಿಂತ್ರೆ ನಾನು ಫೋನನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕ್ತೀನಿ. ಆಮೇಲೆ ಪೂರ್ವದ ಕಡೆಯಿಂದ ತಣ್ಣಗೆ ಒಂದು ಬೀಸು. ಅಲ್ಲಿಂದ ಹತ್ತು ನಿಮಿಷಕ್ಕೆ ಮಳೆ.

ತಿಂಗಳ ಮಳೆ ಲೆಕ್ಕದ ಜೊತೆ ಎಷ್ಟು ಸಂಜೆ ಮಳೆ ಬಂತು ಅಂತಲೂ ಯಾರಾದ್ರೂ ಬರೆದಿಟ್ರೆ ನನ್ನಂಥವರಿಗೆ ಉಪಯೋಗ. ಬೆಳಗ್ಗೆ ನಾಲ್ಕಕ್ಕೆ ಬರೋ ಮಳೆಯಿಂದ ನಮಗೇನೂ ತೊಂದರೆ ಇಲ್ಲ. ಅಂಡರ್‌ಪಾಸ್‌ನಲ್ಲಿ ನೀರು ಎಷ್ಟಿದೆ ಅಂತ ಕತ್ತಲಲ್ಲಿ ಗೊತ್ತಾಗಲ್ಲ. ಮುಂದೆ ಹೋಗೋ ಗಾಡಿಯ ಸೈಲೆನ್ಸರ್ ಮುಳುಗಿತಾ ಅಂತ ನೋಡ್ಕೊಂಡು ಆಮೇಲೆ ಇಳಿಸ್ತೀನಿ.

ಮಳೆ_ಡೈರಿ, ನವೆಂಬರ್ 6

ನಿಮ್ಮ ಗಾಳಿ ನಿಲ್ಲುವ ಮಾತು ಎಷ್ಟು ಸರಿ! ಹಗಲೆಲ್ಲ ನೆಲ ಕಾಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಾಳಿಯಲ್ಲಿ ತೇವ ಧಾರಾಳವಾಗಿರುತ್ತದೆ. ಪಶ್ಚಿಮದ ಗಾಳಿಯ ಜೋರು ಇಳಿದಿರುತ್ತದೆ, ಪೂರ್ವದ ಗಾಳಿ ಇನ್ನೂ ನೆಲೆಯೂರಿರುವುದಿಲ್ಲ. ಬಿಸಿ ಗಾಳಿ ಮೇಲೆದ್ದು ಸಂಜೆ ಹೊತ್ತಿಗೆ ಗುಡುಗು ಮೋಡವಾಗುತ್ತದೆ. ಒಂದು ಮೋಡದ ಅಗಲ ಕೆಲವೇ ಕಿಲೋಮೀಟರ್. ಅದಕ್ಕೇ ಜಯನಗರದಲ್ಲಿ ಕೊಡೆ, ಬನಶಂಕರಿಯಲ್ಲಿ ಧೂಳು. ಇದರ ಮೇಲೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಡೀ ಊರಿಗೆ ಎರಡು ಮೂರು ದಿನ ಬಿಡದ ಮಳೆ. ಈ ಅಕ್ಟೋಬರ್ ನಡುವಿನಲ್ಲಿ ಚೆನ್ನೈ ಹತ್ತಿರ ದಡ ಸೇರಿದ್ದು ಅಂಥದ್ದೇ.

ನಿಮ್ಮ ಸಂಜೆಯ ಪ್ರಶ್ನೆಗೆ ಅಂಟಿಕೊಂಡ ಇನ್ನೊಂದು ವಿಷಯ ಇದೆ. ಎಂಟೂವರೆಯ ಲೆಕ್ಕ. ಇಲಾಖೆಯ ಮಳೆದಿನ ನಡುರಾತ್ರಿಗೆ ಮುಗಿಯುವುದಿಲ್ಲ. ಬೆಳಗ್ಗೆ ಎಂಟೂವರೆಯಿಂದ ಮಾರನೇ ಬೆಳಗ್ಗೆ ಎಂಟೂವರೆಯವರೆಗೆ ಬಿದ್ದದ್ದನ್ನು ಅಳೆದ ದಿನದ ತಾರೀಕಿಗೆ ಬರೆಯುತ್ತಾರೆ. ಬೆಂಗಳೂರಿನ ಅಕ್ಟೋಬರ್‌ನ ಒಂದು ದಿನದ ದಾಖಲೆ 178.9 ಮಿ.ಮೀ. ತಾರೀಕು ಅಕ್ಟೋಬರ್ 1, 1997. ಈ ನಿಯಮದ ಪ್ರಕಾರ ಆ ಲೆಕ್ಕ ಶುರುವಾಗುವುದು ಸೆಪ್ಟೆಂಬರ್ 30ರ ಬೆಳಗ್ಗೆ ಎಂಟೂವರೆಗೆ. ಅಳೆಯುವ ಹೊತ್ತಿಗೆ ತಿಂಗಳು ಬದಲಾಗಿತ್ತು. ಹಾಗಾಗಿ ಅಷ್ಟೂ ನೀರು ಅಕ್ಟೋಬರ್ ಖಾತೆಗೆ ಬಂತು. ಸರಿಸುಮಾರು ಒಂದು ತಿಂಗಳ ವಾಡಿಕೆಯಷ್ಟು ಮಳೆ!

ಇದನ್ನು ತಪ್ಪು ಅಂತ ನಾನು ಹೇಳುತ್ತಿಲ್ಲ. ಎಲ್ಲಾ ವರ್ಷಕ್ಕೂ ಒಂದೇ ನಿಯಮ ಇದ್ದರೇ ಹೋಲಿಕೆ ಸಾಧ್ಯ. ಆದರೆ ಸಂಜೆ ಮಳೆಯ ಊರಿನಲ್ಲಿ 'ನಿನ್ನೆ ಮಳೆ ಬಂತು, ಪತ್ರಿಕೆಯಲ್ಲಿ ಇವತ್ತಿನ ತಾರೀಕು ಹಾಕಿದ್ದಾರೆ' ಅನ್ನುವ ಗೊಂದಲ ಇದರಿಂದಲೇ ಆಗುವುದು.

ಸಂಪು_ತುಂಬಲಿ, ನವೆಂಬರ್ 8

ಎಲ್ಲರೂ ಸರಾಸರಿಯನ್ನು ಬಯ್ಯುತ್ತಿದ್ದೀರಿ. ನಾನು ಅದರ ಪರವಾಗಿ ಮಾತಾಡುತ್ತೇನೆ. ನಾನು ಮಳೆನೀರು ಕೊಯ್ಲಿನ ಕೆಲಸ ಮಾಡುವವನು. ನನಗೆ ಸರಾಸರಿ ಇಲ್ಲದಿದ್ದರೆ ಕೆಲಸವೇ ನಡೆಯುವುದಿಲ್ಲ.

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಮೂವತ್ತು ನಲವತ್ತು ಅಡಿಯ ಸೈಟು ಅಂದರೆ ಸುಮಾರು 111 ಚದರ ಮೀಟರ್. ಅಕ್ಟೋಬರ್ ವಾಡಿಕೆಯಂತೆ ಬಂದರೆ ಆ ಸೈಟಿನ ಮೇಲೆ ಬೀಳುವ ನೀರು 20,000 ಲೀಟರ್‌ಗೂ ಜಾಸ್ತಿ. ಆರು ಸಾವಿರ ಲೀಟರಿನ ಟ್ಯಾಂಕರ್ ಮೂರು ಬಂದು ಸುರಿದು ಹೋದ ಹಾಗೆ, ಮೇಲೆ ಇನ್ನೂ ಉಳಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಎರಡೂ ಸೇರಿಸಿದರೆ ನಲವತ್ತು ಸಾವಿರ ದಾಟುತ್ತದೆ. ತಾರಸಿಯಲ್ಲಿ ಒಂದಿಷ್ಟು ಆವಿಯಾಗಿ, ಮೊದಲ ಕೊಳೆ ನೀರನ್ನು ಹೊರಗೆ ಬಿಟ್ಟರೂ ಬೇಕಾದಷ್ಟು ಸಿಗುತ್ತದೆ. ಎಷ್ಟು ದೊಡ್ಡ ಸಂಪು, ಎಷ್ಟು ಆಳದ ಇಂಗುಬಾವಿ ಅಂತ ನಾನು ನಿರ್ಧರಿಸುವುದು ಈ ಅಂಕಿಯಿಂದಲೇ.

2023ರ ಅಕ್ಟೋಬರ್ ನೆನಪಿಸಿಕೊಳ್ಳಿ. ಮುಂಗಾರು ಮೊದಲೇ ಕೈಕೊಟ್ಟಿತ್ತು. ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾಯಿತು. ಹಿಂಗಾರಾದರೂ ಬರುತ್ತದೆ ಅಂತ ಕಾದೆವು. ಅಕ್ಟೋಬರ್‌ನಲ್ಲಿ ನಗರಕ್ಕೆ ವಾಡಿಕೆಯ ಅರ್ಧವೂ ಬರಲಿಲ್ಲ. ಆಗಲೇ ನನಗೆ ಬೇಸಿಗೆಯ ಭಯ ಹತ್ತಿತು. ಫೆಬ್ರವರಿ, ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗಾಗಿ ಜನ ರಾತ್ರಿಯೆಲ್ಲ ಫೋನ್ ಹಿಡಿದು ಕೂತಿದ್ದನ್ನು ಎಲ್ಲರೂ ನೋಡಿದ್ದೇವೆ. ಮುಂದಿನ ಬೇಸಿಗೆಯ ಸುದ್ದಿ ನಮಗೆ ಮೊದಲು ಸಿಗುವುದು ಅಕ್ಟೋಬರ್ ಲೆಕ್ಕದಲ್ಲಿ. ಹೋಲಿಸಲು ಒಂದು ವಾಡಿಕೆ ಇಲ್ಲದಿದ್ದರೆ ಆ ಕೊರತೆ ಕಾಣುವುದಾದರೂ ಹೇಗೆ?

ಅಂಕಿ_ಹುಡುಗ, ನವೆಂಬರ್ 8

ಒಪ್ಪಿದೆ ಸರ್. ನಾನು ಸರಾಸರಿ ಬೇಡ ಅಂದಿಲ್ಲ, ಒಂಟಿಯಾಗಿ ಬಿಡಬೇಡಿ ಅಂದೆ.

ನಿಮ್ಮ ಮಾತಿಗೆ ಸೇರಿಸುತ್ತೇನೆ. ಇಲಾಖೆಯವರು ವಾಡಿಕೆಯಿಂದ ಶೇ 19ರಷ್ಟು ಹೆಚ್ಚು ಕಡಿಮೆ ಬಂದರೂ ಅದನ್ನು ವಾಡಿಕೆ ಮಳೆ ಅಂತಲೇ ಕರೆಯುತ್ತಾರೆ. ಶೇ 20ರಿಂದ 59ರಷ್ಟು ಕಡಿಮೆಯಾದರೆ ಕೊರತೆ, ಶೇ 60 ದಾಟಿದರೆ ತೀವ್ರ ಕೊರತೆ. ಅಂದರೆ ನಮ್ಮ ಅಕ್ಟೋಬರ್‌ಗೆ 151ರಿಂದ 222 ಮಿ.ಮೀ.ವರೆಗೆ ಎಷ್ಟು ಬಂದರೂ ವಾಡಿಕೆಯೇ. ಮೇಡಂ ಡೈರಿಯನ್ನು ಈ ಪಟ್ಟಿಯಲ್ಲಿ ನೋಡಿದರೆ ವಾಡಿಕೆಯ ಅಕ್ಟೋಬರ್‌ಗಳು ಇನ್ನೂ ಒಂದಷ್ಟು ಸಿಗಬಹುದು.

ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವುದು, ಅದರ ಬಗ್ಗೆಯೂ ಒಂದು ಮಾತು. 2023 ಎಲ್ ನಿನೊ ವರ್ಷ, ಅದಕ್ಕೇ ಅಕ್ಟೋಬರ್ ಒಣಗಿತು ಅಂತ ತುಂಬಾ ಜನ ಹೇಳುತ್ತಾರೆ. ಮುಂಗಾರಿಗೆ ಆ ಮಾತು ಬಹಳ ಸಲ ನಿಜ. ಹಿಂಗಾರಿಗೆ ಅಷ್ಟು ಸುಲಭವಾಗಿ ಹೇಳಲಾಗದು. 2015 ಕೂಡ ಜೋರು ಎಲ್ ನಿನೊ ವರ್ಷವೇ. ಆ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಾಡಿಕೆ ಮೀರಿ ಸುರಿಯಿತು. ಚೆನ್ನೈ ಮುಳುಗಿದ್ದೂ ಆಗಲೇ. ಕೊಲ್ಲಿಯಲ್ಲಿ ಎಷ್ಟು ವಾಯುಭಾರ ಕುಸಿತ ಎದ್ದವು, ಅವು ಯಾವ ದಿಕ್ಕಿಗೆ ತಿರುಗಿದವು ಅನ್ನುವುದರ ಮೇಲೆ ನಮ್ಮ ಹಿಂಗಾರು ನಿಂತಿದೆ. 2022ರಲ್ಲಿ ಅದಕ್ಕೆ ವಿರುದ್ಧವಾದ, ಆ ನೀರು ತಣ್ಣಗಾಗುವ ಲಾ ನಿನಾ ಇತ್ತು. ಸೆಪ್ಟೆಂಬರ್ 5ರ ಬೆಳಗ್ಗೆಗೆ ಒಂದೇ ದಿನ 131.6 ಮಿ.ಮೀ. ಬಂದು ಹೊರವರ್ತುಲ ರಸ್ತೆಯ ಕಡೆ ಟ್ರ್ಯಾಕ್ಟರ್‌ನಲ್ಲಿ ಜನ ಆಫೀಸಿಗೆ ಹೋದರು. ಅಕ್ಟೋಬರ್ ನಡುವಿಗೇ ವರ್ಷದ ಮೊತ್ತ 1,706 ಮಿ.ಮೀ. ಮುಟ್ಟಿ, 2017ರ 1,696ರ ದಾಖಲೆ ಮುರಿಯಿತು. ವರ್ಷ ಮುಗಿಯಲು ಆಗಿನ್ನೂ ಎರಡು ತಿಂಗಳಿಗೂ ಜಾಸ್ತಿ ಬಾಕಿ ಇತ್ತು.

ಗವಿಪುರ_ಗುಟ್ಟಹಳ್ಳಿ, ನವೆಂಬರ್ 17

ಮಳೆ ಬಗ್ಗೆ ಎಲ್ಲರೂ ಹೇಳಿದ್ದೀರಿ. ಚಳಿ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಮುಂದಿನ ವಾರ, 25ಕ್ಕೆ, ಕಾರ್ತಿಕದ ಕಡೇ ಸೋಮವಾರ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ನಾನು ಚಿಕ್ಕವನಿದ್ದಾಗ ಪರಿಷೆಗೆ ಮಫ್ಲರ್ ಸುತ್ತಿಕೊಂಡು ಹೋಗುತ್ತಿದ್ದೆವು. ಬಿಸಿ ಕಡಲೆಕಾಯಿಯ ಪೊಟ್ಟಣವನ್ನು ತಿನ್ನುವುದಕ್ಕಿಂತ ಮೊದಲು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೆವು. ಈಗ ಅರ್ಧ ತೋಳಿನ ಅಂಗಿಯಲ್ಲೇ ಜನ ಓಡಾಡುತ್ತಾರೆ. ನಮ್ಮ ನವೆಂಬರ್ ಚಳಿ ಹೋಗಿದೆಯಾ, ಇಲ್ಲ ನನಗೆ ಹಾಗೆ ಅನ್ನಿಸುತ್ತಿದೆಯಾ?

ಮಳೆ_ಡೈರಿ, ನವೆಂಬರ್ 17

ಬೆಂಗಳೂರಿನ ನವೆಂಬರ್‌ನ ಅತಿ ಕಡಿಮೆ ಉಷ್ಣಾಂಶ 9.6 ಡಿಗ್ರಿ. ದಾಖಲಾಗಿದ್ದು 1967ರ ನವೆಂಬರ್ 15ರಂದು. ಆಗ ನಾನು ಹನ್ನೊಂದು ವರ್ಷದ ಹುಡುಗಿ. ಆ ದಿನವೇ ಅಂತ ಖಚಿತವಾಗಿ ನೆನಪಿಲ್ಲ. ಆದರೆ ಆ ಕಾಲದ ಬೆಳಗು ನೆನಪಿದೆ. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿರುತ್ತಿತ್ತು. ಅಮ್ಮ ಅದನ್ನು ಬಚ್ಚಲೊಲೆಯ ಹಂಡೆಯ ಪಕ್ಕ ಇಡುತ್ತಿದ್ದಳು. ಅಂಚಿನಲ್ಲಿ ಮೊದಲು ಕರಗಿ ನಡುವೆ ಬಿಳೀ ಗಡ್ಡೆ ತೇಲುತ್ತಿತ್ತು. ಅದು ಪೂರ್ತಿ ಕರಗುವವರೆಗೂ ಜಡೆ ಹಾಕಿಸಿಕೊಳ್ಳಲು ಕಾಯುತ್ತಾ ಒಲೆಯ ಮುಂದೆ ಕೂರುವುದೇ ನಮಗೆ ಸುಖ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಈಗ ನಮ್ಮ ಮನೆಯಲ್ಲಿ ನವೆಂಬರ್‌ನಲ್ಲೂ ಎಷ್ಟೋ ಬೆಳಗ್ಗೆ ಎಣ್ಣೆ ತಿಳಿಯಾಗೇ ಇರುತ್ತದೆ. ಹೊರಗೆ ವಾಡಿಕೆಯಂತೆ ರಾತ್ರಿ 18 ಡಿಗ್ರಿಯ ಹತ್ತಿರ ಇದ್ದರೂ ಮನೆಯ ಒಳಗೆ ಅಷ್ಟು ಇಳಿಯುವುದಿಲ್ಲ. ಆಗ ಹೆಂಚಿನ ಮನೆ, ಸುತ್ತ ಮರ, ಮಣ್ಣು. ಈಗ ಕಾಂಕ್ರೀಟು, ಡಾಂಬರು. ಇವು ಹಗಲಿನ ಶಾಖ ಹಿಡಿದಿಟ್ಟುಕೊಂಡು ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪ ಬಿಡುತ್ತಿರುತ್ತವೆ. ಹಾಗಾಗಿ ನಿಮಗೆ ಸುಮ್ಮನೆ ಅನ್ನಿಸುತ್ತಿರುವುದಲ್ಲ.

ಆದರೆ ಚಳಿಯಲ್ಲೂ ಎರಡು ಬಗೆ ಇದೆ. ಆಕಾಶ ನಿಚ್ಚಳವಾಗಿದ್ದರೆ ನೆಲದ ಶಾಖ ಮೇಲೆ ಹೋಗಿ ಬೆಳಗಿನ ಜಾವ ಕೊರೆಯುತ್ತದೆ, ಮಧ್ಯಾಹ್ನ ಬಿಸಿಲು ಬೆಚ್ಚಗಿರುತ್ತದೆ. ಮೋಡ ಕವಿದಿದ್ದರೆ ರಾತ್ರಿ ಅಷ್ಟು ಇಳಿಯುವುದಿಲ್ಲ, ಹಗಲೂ ಏರುವುದಿಲ್ಲ. ದಿನವಿಡೀ ಮೈ ಜುಮ್ ಅನ್ನುವುದು ಈ ಎರಡನೆಯದು. ಬರೀ ಕನಿಷ್ಠ ಉಷ್ಣಾಂಶ ನೋಡಿ 'ಈ ನವೆಂಬರ್ ಚಳಿಯೇ ಇರಲಿಲ್ಲ' ಅಂದರೆ ಮೋಡದ ಚಳಿ ತಿಂದವರು ಒಪ್ಪುವುದಿಲ್ಲ.

ಹೊಸಕೋಟೆ_ರಾಗಿ, ನವೆಂಬರ್ 18

ಅಕ್ಕ ಹೇಳಿದ ಮೊದಲನೇ ಚಳಿ ನಮಗೆ ಬೇಕು. ನಿಚ್ಚಳ ಆಕಾಶ, ಬೆಳಗ್ಗೆ ಇಬ್ಬನಿ. ಇಬ್ಬನಿ ಬಿದ್ರೇ ಅವರೆಗೆ ಸೊಗಡು. ಮೋಡ ಮುಚ್ಕೊಂಡ್ರೆ ಹೂವು ಉದುರುತ್ತೆ, ಹುಳ ಜಾಸ್ತಿ ಆಗುತ್ತೆ. ಈಗ ರಾಗಿ ಕುಯ್ಲು ಶುರು ಮಾಡಿದ್ದೀವಿ. ಇನ್ನು ಹದಿನೈದು ದಿನ ಬಿಸಿಲಿರಲಿ ಅಂತ ಬೇಡ್ಕೊಳ್ಳಿ.

ಯಲಹಂಕ_ನೆಲಮಹಡಿ, ನವೆಂಬರ್ 29

ಕೊಲ್ಲಿಯಲ್ಲಿ ಚಂಡಮಾರುತ ಅಂತ ಸುದ್ದಿ. ಪುದುಚೇರಿ ಕಡೆ ಬರುತ್ತದಂತೆ. ಫ್ರಿಜ್ಜನ್ನು ಇಟ್ಟಿಗೆ ಮೇಲೆ ಎತ್ತಿದ್ದೇವೆ. ಮಗಳ ಪುಸ್ತಕವೆಲ್ಲ ಅಟ್ಟದ ಮೇಲೆ. ಹೊಸಕೋಟೆಯವರೇ, ರಾಗಿ ಒಳಗೆ ಬಂತಾ?

ಹೊಸಕೋಟೆ_ರಾಗಿ, ನವೆಂಬರ್ 29

ಮುಕ್ಕಾಲು ಭಾಗ ಮೆದೆ ಹಾಕಿದ್ದೀವಿ ಸಾರ್. ಕಾಲು ಭಾಗ ಕುಯ್ದು ಹಾಕಿದ ಅರಿಯಲ್ಲೇ ಇನ್ನೂ ಹೊಲದಲ್ಲಿ ಬಿದ್ದಿದೆ. ಇವತ್ತು ರಾತ್ರಿ ಮನೆ ಮಂದಿಯೆಲ್ಲ ಹೊಲದಲ್ಲೇ. ಟಾರ್ಪಾಲು ಅಕ್ಕಪಕ್ಕದವರ ಹತ್ತಿರ ಕೇಳಿ ತಂದ್ವಿ. ನಿಮ್ಮ ಸುದ್ದಿ ನೋಡಿ ಬೇಗ ಶುರು ಮಾಡಿದ್ದು, ಉಪಕಾರ ಆಯ್ತು.

ಮಳೆ_ಡೈರಿ, ಡಿಸೆಂಬರ್ 3

ಫೆಂಗಲ್ ಚಂಡಮಾರುತ 30ರಂದು ಪುದುಚೇರಿ ಹತ್ತಿರ ದಡ ದಾಟಿತು. ಅದರ ಬಾಲ ನಮ್ಮ ಮೇಲೆ ಇನ್ನೂ ಇದೆ. ಜೋರು ಮಳೆ ಅಲ್ಲ, ಜಿಟಿಜಿಟಿ. ಸಂಜೆ, ಬೆಳಗ್ಗೆ ಅನ್ನುವ ಲೆಕ್ಕವೇ ಇಲ್ಲ. ನಾನು ಮಧ್ಯಾಹ್ನ ಹನ್ನೆರಡಕ್ಕೂ ಸ್ವೆಟರ್ ತೆಗೆದಿಲ್ಲ. ಮೋಡದ ಚಳಿ ಅಂದೆನಲ್ಲ, ಅದೇ ಇದು. ಡಿಸೆಂಬರ್ ಇಡೀ ತಿಂಗಳ ವಾಡಿಕೆ 15 ಮಿ.ಮೀ. ತಾನೇ? ಮೂರೇ ದಿನದಲ್ಲಿ ನನ್ನ ಗಾಜು ಅದನ್ನು ದಾಟಿದೆ. ಉಳಿದ ಇಪ್ಪತ್ತೆಂಟು ದಿನ ಒಂದು ಹನಿ ಬೀಳದಿದ್ದರೂ ಈ ಡಿಸೆಂಬರ್ ನನ್ನ ಪುಸ್ತಕದಲ್ಲಿ ಮಳೆಯ ತಿಂಗಳು.

ಯಲಹಂಕದವರು ನಿನ್ನೆ ಫೋನ್ ಮಾಡಿದ್ದರು. ಮನೆಗೆ ನೀರು ಬಂದಿಲ್ಲವಂತೆ. ತಮ್ಮಾ, ನಿನ್ನ ರಾಗಿ?

ಹೊಸಕೋಟೆ_ರಾಗಿ, ಡಿಸೆಂಬರ್ 3

ಮೆದೆ ಹಾಕಿದ್ದು ಕ್ಷೇಮ. ಉಳಿದ ಕಾಲು ಭಾಗದಲ್ಲಿ ಅಡಿಯ ಸಾಲು ನೆಂದಿದೆ. ಇವತ್ತೂ ತೆನೆ ಕಿತ್ತು ಅಂಗೈ ಮೇಲೆ ಇಟ್ಟು ನೋಡ್ದೆ. ಮೊಳಕೆ ಬಂದಿಲ್ಲ. ನಾಳೆ, ನಾಡಿದ್ದು ಬಿಸಿಲು ಬಂದ್ರೆ ಉಳೀತು.

ಅಂಕಿ_ಹುಡುಗ, ಡಿಸೆಂಬರ್ 3

ಮೇಡಂ, ಒಂದು ಕೋರಿಕೆ. ನಿಮ್ಮ ಡೈರಿಗಳನ್ನೆಲ್ಲ ನಾನು ಕಂಪ್ಯೂಟರಿಗೆ ಹತ್ತಿಸಿ ಕೊಡುತ್ತೇನೆ. ದಿನದ ಮಳೆ, ಮಳೆಯ ಹೆಸರು, ಸಂಜೆಯೋ ರಾತ್ರಿಯೋ, ಎಲ್ಲಾ ಬೇರೆ ಬೇರೆ ಸಾಲಿನಲ್ಲಿ. ಆಮೇಲೆ ನಿಮ್ಮ ತಾರಸಿಯದೇ ಸರಾಸರಿ, ನಿಮ್ಮ ತಾರಸಿಯದೇ ನಡುವಿನ ಸಂಖ್ಯೆ ತೆಗೆಯಬಹುದು. ಯಾವಾಗ ಬರಲಿ?

ಮಳೆ_ಡೈರಿ, ಡಿಸೆಂಬರ್ 3

ಭಾನುವಾರ ಬಾಪ್ಪಾ. ಹಳೇ ಪುಟಗಳಲ್ಲಿ ಒಂದೆರಡು ಕಡೆ ನೀರು ಬಿದ್ದು ಶಾಯಿ ಹರಡಿದೆ, ಅಲ್ಲಿ ನಾನೇ ಪಕ್ಕದಲ್ಲಿ ಕೂತು ಓದಿ ಹೇಳುತ್ತೇನೆ. ತಿಂಡಿಗೆ ಅವರೆಕಾಳು ಉಪ್ಪಿಟ್ಟು. ಎಂಟೂವರೆಗೆ ಮುಂಚೆ ಬಂದರೆ ಅವತ್ತಿನ ಅಳತೆ ನೀನೇ ತೆಗೆಯಬಹುದು.